ಅಸಲು ಕಾಯುವವರ ಕಲಿಕೆ: ಅಮೆರಿಕದ ದತ್ತಿನಿಧಿಗಳ ಚರಿತ್ರೆಯಿಂದ

1823ರಲ್ಲಿ ತೀರಿಕೊಂಡ ಬಾಸ್ಟನ್‌ನ ವರ್ತಕ ಜಾನ್ ಮ್ಯಾಕ್‌ಲೀನ್ 50,000 ಡಾಲರ್‌ಗಳನ್ನು ಇಬ್ಬರು ಟ್ರಸ್ಟಿಗಳ ವಶಕ್ಕೆ ಬಿಟ್ಟುಹೋಗಿದ್ದ. ಹೆಂಡತಿ ಬದುಕಿರುವವರೆಗೆ ವರಮಾನ ಆಕೆಗೆ. ಆಮೇಲೆ ಅಸಲು ಹಾರ್ವರ್ಡ್ ಕಾಲೇಜಿಗೂ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೂ ಸೇರಬೇಕಿತ್ತು. ಟ್ರಸ್ಟಿಗಳು ಕಾರ್ಖಾನೆ ಮತ್ತು ವಿಮಾ ಕಂಪನಿಗಳ ಷೇರು ಕೊಂಡರು. ಬೆಲೆ ಕುಸಿದು 29,450 ಡಾಲರ್ ಉಳಿಯಿತು. ಎರಡೂ ಸಂಸ್ಥೆಗಳು ದಾವೆ ಹೂಡಿದವು. 1830ರಲ್ಲಿ ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಪುಟ್ನಮ್ ಆ ಹೊತ್ತಿಗೆ ಉಳಿದಿದ್ದ ಒಬ್ಬ ಟ್ರಸ್ಟಿಯ ಪರವಾಗಿ ತೀರ್ಪಿತ್ತರು: ವಿವೇಕಿಯೊಬ್ಬ ತನ್ನ ಸ್ವಂತ ಹಣವನ್ನು ನೋಡಿಕೊಳ್ಳುವಂತೆ ನೋಡಿಕೊಂಡಿದ್ದರೆ ಸಾಕು, ನಷ್ಟವಾಯಿತೆಂಬ ಒಂದೇ ಕಾರಣಕ್ಕೆ ಅವನು ಹೊಣೆಯಲ್ಲ.

ನನ್ನ ದೃಷ್ಟಿಯಲ್ಲಿ ಟ್ರಸ್ಟಿಗಳ ತರಬೇತಿಯ ಬೀಜ ಇಲ್ಲಿದೆ. ಮಾರುಕಟ್ಟೆಯ ಏರಿಳಿತವನ್ನು ಯಾರಿಗೂ ಕಲಿಸಿಕೊಡಲಾಗದು. ವಿಚಾರಿಸಿ ನಿರ್ಧರಿಸುವ ಕ್ರಮವನ್ನು ಕಲಿಸಬಹುದು. ಆದರೆ ಕಲಿಸುವವರೇ ಇರಲಿಲ್ಲ. 1869ರಲ್ಲಿ ನ್ಯೂಯಾರ್ಕ್‌ನ ನ್ಯಾಯಾಲಯ ಷೇರುಗಳೇ ಟ್ರಸ್ಟಿಗೆ ತಕ್ಕವಲ್ಲ ಎಂಬ ನಿಲುವು ತಳೆಯಿತು. ಸಾಲಪತ್ರ ಕೊಳ್ಳುವುದು, ಬಡ್ಡಿ ಮತ್ತು ಲಾಭಾಂಶವನ್ನಷ್ಟೇ ಖರ್ಚು ಮಾಡುವುದು, ಅಸಲನ್ನು ಮುಟ್ಟದಿರುವುದು ಅನೇಕ ಕಾಲೇಜುಗಳಲ್ಲಿ ಶಾಸನದಷ್ಟೇ ಗಟ್ಟಿಯಾದ ನಂಬಿಕೆಯಾಯಿತು. ಹಣದುಬ್ಬರ ಆ ಅಸಲನ್ನು ಒಳಗಿಂದಲೇ ತಿನ್ನುತ್ತಿತ್ತು.

ಈ ನಂಬಿಕೆಯನ್ನು ಅಲುಗಾಡಿಸಿದ್ದು ಫೋರ್ಡ್ ಪ್ರತಿಷ್ಠಾನ. ಅದರ ಕೋರಿಕೆಯಂತೆ 1969ರಲ್ಲಿ ಕಾನೂನು ತಜ್ಞರಾದ ವಿಲಿಯಂ ಕ್ಯಾರಿ ಮತ್ತು ಕ್ರೇಗ್ ಬ್ರೈಟ್ ಕಾನೂನನ್ನು ಶೋಧಿಸಿ, ಷೇರಿನ ಬೆಲೆ ಏರಿಕೆಯನ್ನು ವಿವೇಕದಿಂದ ಬಳಸಲು ಅಡ್ಡಿ ಕಾಣುವುದಿಲ್ಲ ಎಂದರು. ಟ್ರಸ್ಟಿಗಳು ಹೆದರಿದ್ದು ಬಹುಮಟ್ಟಿಗೆ ವಾಡಿಕೆಗೆ. ಫೋರ್ಡ್ ಕೊಟ್ಟ 28 ಲಕ್ಷ ಡಾಲರ್ ನೆರವಿನಿಂದ 1971ರಲ್ಲಿ ಕಾಮನ್‌ಫಂಡ್ ಹುಟ್ಟಿತು. ತಜ್ಞರನ್ನು ನೇಮಿಸಿಕೊಳ್ಳಲಾಗದ ಸಣ್ಣ ಕಾಲೇಜುಗಳ ನಿಧಿಗಳನ್ನು ಒಟ್ಟಿಗೆ ಹೂಡುವುದರ ಜೊತೆಗೆ, ಟ್ರಸ್ಟಿಗಳಿಗೂ ಹಣಕಾಸು ಸಿಬ್ಬಂದಿಗೂ ಪಾಠ ಹೇಳುವುದೂ ಮುಂದೆ ಅದರ ಕೆಲಸವಾಯಿತು. 1972ರ ಮಾದರಿ ಕಾಯ್ದೆ ಹೊಸ ನಿಲುವಿಗೆ ಶಾಸನದ ಬಲ ಕೊಟ್ಟಿತು.

ಮರುವರ್ಷವೇ ಮಾರುಕಟ್ಟೆ ಬಿತ್ತು. 1974ರ ಅಕ್ಟೋಬರ್ ಹೊತ್ತಿಗೆ ಅಮೆರಿಕದ ಷೇರುಗಳ ಮೌಲ್ಯ ಸುಮಾರು ಅರ್ಧಕ್ಕಿಳಿದಿತ್ತು. ಟ್ರಸ್ಟಿಗಳಿಗೆ ಧೈರ್ಯದಿಂದ ಕೊಳ್ಳುವುದನ್ನು ಹೇಳಿಕೊಟ್ಟಿದ್ದರು, ಕುಸಿತದ ನಡುವೆ ಸಂಬಳ, ವಿದ್ಯಾರ್ಥಿವೇತನ ನಡೆಸುವುದನ್ನು ಹೇಳಿಕೊಟ್ಟಿರಲಿಲ್ಲ. ಹೂಡಿಕೆ ನೀತಿಯನ್ನು ಮುಂಚೆಯೇ ಬರೆದಿಡುವುದು, ಕೆಲವು ವರ್ಷಗಳ ಸರಾಸರಿ ಮೌಲ್ಯದ ಮೇಲೆ ಖರ್ಚು ಗೊತ್ತುಮಾಡುವುದು, ಹಿತಾಸಕ್ತಿಯ ತಿಕ್ಕಾಟವನ್ನು ಬಾಯಿಬಿಟ್ಟು ಹೇಳುವುದು ಇಂದಿನ ತರಬೇತಿಯ ತಿರುಳಾಗಿರುವುದು ಬಹುಮಟ್ಟಿಗೆ ಇಂಥ ಪೆಟ್ಟುಗಳಿಂದ.

ಯೇಲ್ ವಿಶ್ವವಿದ್ಯಾಲಯದ ನಿಧಿಯನ್ನು 1985ರಿಂದ ನೋಡಿಕೊಂಡ ಡೇವಿಡ್ ಸ್ವೆನ್ಸನ್ ಕಂಡ ಯಶಸ್ಸನ್ನು ಹಲವು ಸಮಿತಿಗಳು ನಕಲು ಮಾಡಹೊರಟವು. ಅವರ ಹಿಂದಿದ್ದ ನುರಿತ ಸಿಬ್ಬಂದಿಯನ್ನು ನಕಲು ಮಾಡಲಾಗಲಿಲ್ಲ. ನುರಿತವರಿದ್ದ ಕಡೆಯೂ ಕಲಿಕೆ ಮುಗಿದಿರಲಿಲ್ಲ. 2008ರಲ್ಲಿ ಸುಮಾರು 3,690 ಕೋಟಿ ಡಾಲರ್ ಇದ್ದ ಹಾರ್ವರ್ಡ್‌ನ ನಿಧಿ ಒಂದೇ ವರ್ಷದಲ್ಲಿ 2,600 ಕೋಟಿಗಿಳಿಯಿತು. ಬಹಳಷ್ಟು ಹಣ ಬೇಗನೆ ಮಾರಲಾಗದ ಹೂಡಿಕೆಗಳಲ್ಲಿ ಸಿಕ್ಕಿಕೊಂಡಿತ್ತು. ಮ್ಯಾಕ್‌ಲೀನ್‌ನ ಟ್ರಸ್ಟಿಯನ್ನು ಕೋರ್ಟಿಗೆಳೆದಿದ್ದ ಆ ಸಂಸ್ಥೆಯೇ 2008ರ ಡಿಸೆಂಬರ್‌ನಲ್ಲಿ ಸಾಲಪತ್ರ ಮಾರಿ ಸುಮಾರು 250 ಕೋಟಿ ಡಾಲರ್ ಸಾಲ ಎತ್ತಿತು.