ಅಶಾಂತಿಯ ಓದು: ಪ್ಯಾರಿಸ್ಸಿನಿಂದ ಹುಣಸೂರಿನವರೆಗೆ

ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಗಳಲ್ಲಿ ದರ ಕುಸಿದ ದಿನ ಏನಾಗುತ್ತದೆಂದು ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಯಾರೂ ವಿವರಿಸಬೇಕಿಲ್ಲ. ಬೆಳೆಗಾರರು ಹರಾಜು ನಿಲ್ಲಿಸುತ್ತಾರೆ. ಬೇಲುಗಳನ್ನು ಅಲ್ಲೇ ಬಿಟ್ಟು ರಸ್ತೆಗೆ ಬಂದು ಕೂರುತ್ತಾರೆ. ಅಧಿಕಾರಿಗಳು ಬರುತ್ತಾರೆ, ಶಾಸಕರು ಬರುತ್ತಾರೆ, ಕೊನೆಗೆ ದೆಹಲಿಗೆ ಫೋನು ಹೋಗುತ್ತದೆ. 2018ರ ನವೆಂಬರ್ 17ರಂದು ಫ್ರಾನ್ಸಿನ ಸಣ್ಣ ಪಟ್ಟಣಗಳ ಜನ ಹಳದಿ ಅಂಗಿ ತೊಟ್ಟು ರಸ್ತೆ ವೃತ್ತಗಳಲ್ಲಿ ಕೂತದ್ದೂ ಇದೇ ಬಗೆಯಲ್ಲಿ. ಡೀಸೆಲ್ ತೆರಿಗೆ ಏರಿಸುವ ತೀರ್ಮಾನ ಪ್ಯಾರಿಸ್ಸಿನಲ್ಲಾಗಿತ್ತು. ದಿನವೂ ಗಾಡಿ ಓಡಿಸಿಕೊಂಡು ದೂರದ ಕೆಲಸಕ್ಕೆ ಹೋಗುವವರ ಜೇಬಿಗೆ ಅದು ಕೈ ಹಾಕಿತ್ತು.

ಫ್ರಾನ್ಸಿನ ಇಂಥ ಅಶಾಂತಿಯನ್ನು ಹೊರಗೆ ನಿಂತು ಓದುವ ಒಂದು ಪರಂಪರೆ ಅಮೆರಿಕದ ಕನ್ಸರ್ವೇಟಿವ್ ಚಿಂತನೆಯಲ್ಲಿದೆ. ಅದರ ಬೇರು ಎರಡು ಶತಮಾನಕ್ಕೂ ಹಿಂದಕ್ಕೆ ಹೋಗುತ್ತದೆ. ನಮ್ಮ ಹಳೆ ಮೈಸೂರಿನ ಹಳ್ಳಿಗಳ ರಾಜಕೀಯವನ್ನು ಓದಿದ ವಿದ್ವಾಂಸರ ಇನ್ನೊಂದು ಪರಂಪರೆಯೂ ಇದೆ. ಇವೆರಡೂ ಎಲ್ಲಿಂದ ಹೊರಟು ಎಲ್ಲಿಗೆ ಬಂದಿವೆ, ಮೊದಲನೆಯದರಿಂದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂಬ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಎಷ್ಟು ಬೆಳಕು ಸಿಗುತ್ತದೆ ಎಂದು ನೋಡುವುದು ಈ ಲೇಖನದ ಉದ್ದೇಶ.

ಬರ್ಕ್ ಮತ್ತು ಟೋಕ್‌ವಿಲ್

ಎಡ್ಮಂಡ್ ಬರ್ಕ್ ಐರ್ಲೆಂಡಿನಲ್ಲಿ ಹುಟ್ಟಿ ಬ್ರಿಟಿಷ್ ಸಂಸತ್ತಿನಲ್ಲಿ ಬಾಳಿದವನು. ಆದರೂ ಅಮೆರಿಕದ ಕನ್ಸರ್ವೇಟಿವರು ಅವನನ್ನೇ ಮೂಲಪುರುಷ ಎನ್ನುತ್ತಾರೆ. ಫ್ರೆಂಚ್ ಕ್ರಾಂತಿಯನ್ನು ಕುರಿತ ಅವನ ಪುಸ್ತಕ ಬಂದದ್ದು 1790ರಲ್ಲಿ. ರಾಜನ ತಲೆ ಉರುಳಲು ಇನ್ನೂ ಎರಡು ವರ್ಷಕ್ಕೂ ಹೆಚ್ಚು ಕಾಲವಿತ್ತು. ತಲೆಮಾರುಗಳಿಂದ ಕೂಡಿಬಂದ ಕಟ್ಟಳೆಗಳನ್ನು ಒಂದೇ ಏಟಿಗೆ ಕೆಡವಿ ಬರಿಯ ತರ್ಕದ ಮೇಲೆ ಹೊಸ ನಾಡು ಕಟ್ಟಲು ಹೊರಟರೆ ಕೊನೆಗೆ ಆಳುವುದು ತೋಳ್ಬಲವೇ ಎಂದು ಅವನು ವಾದಿಸಿದ. ಬದಲಾಗುವ ದಾರಿಯನ್ನೇ ಮುಚ್ಚಿಕೊಂಡ ರಾಜ್ಯ ತನ್ನನ್ನು ತಾನು ಉಳಿಸಿಕೊಳ್ಳಲಾರದು ಎಂಬ ಮಾತನ್ನೂ ಅದೇ ಪುಸ್ತಕದಲ್ಲಿ ಹೇಳಿದ.

ಬರ್ಕ್‌ನ ಇನ್ನೊಂದು ಮುಖ ಕನ್ನಡಿಗರಿಗೆ ಹೆಚ್ಚು ಹತ್ತಿರದ್ದು. 1785ರಲ್ಲಿ ಆರ್ಕಾಟಿನ ನವಾಬನ ಸಾಲದ ಬಗ್ಗೆ ಸಂಸತ್ತಿನಲ್ಲಿ ಮಾತಾಡುತ್ತ ಅವನು ಹೈದರಾಲಿ ಕರ್ನಾಟಿಕ್ ಸೀಮೆಯ ಮೇಲೆ ಎರಗಿದ ಬಗೆಯನ್ನು ವರ್ಣಿಸಿದ. ಆ ಅನಾಹುತದ ಹೊಣೆಯನ್ನು ಕಂಪನಿಯ ಅಧಿಕಾರಿಗಳ ಮೇಲೆಯೇ ಹೊರಿಸಿದ. 1788ರಿಂದ 1795ರವರೆಗೆ ನಡೆದ ವಾರನ್ ಹೇಸ್ಟಿಂಗ್ಸ್ ವಿಚಾರಣೆಯಲ್ಲಿ ಮುಂದಾಳಾಗಿ ನಿಂತ. ಬೀದಿಯ ಗುಂಪು ಒಂದು ನಾಡಿನ ಬೇರು ಕಿತ್ತರೂ ತಪ್ಪು, ಕಂಪನಿಯ ದಫ್ತರು ಕಿತ್ತರೂ ತಪ್ಪು ಎಂಬುದೇ ಅವನ ನಿಲುವು. ಈ ಎರಡನೆಯ ಅರ್ಧವನ್ನು ಅವನ ವಾರಸುದಾರರು ಬಹಳ ಸಲ ಮರೆತಿದ್ದಾರೆ.

ಪರಂಪರೆಯ ಎರಡನೆಯ ಕಂಬ ಅಲೆಕ್ಸಿ ದ ಟೋಕ್‌ವಿಲ್. 1831ರಲ್ಲಿ ಅಮೆರಿಕಕ್ಕೆ ಹೋದ ಈ ಫ್ರೆಂಚ್ ಯುವಕ ಅಲ್ಲಿ ಊರಿನವರೇ ಸೇರಿ ಊರಿನ ಕೆಲಸ ತೀರ್ಮಾನಿಸುವುದನ್ನು ಕಂಡು ಬೆರಗಾದ. 1856ರ ತನ್ನ ಪುಸ್ತಕದಲ್ಲಿ ಸ್ವಂತ ನಾಡಿನ ಕಡೆ ತಿರುಗಿ ಎರಡು ಸಂಗತಿ ಕಂಡುಕೊಂಡ. ಅಧಿಕಾರವನ್ನೆಲ್ಲ ಪ್ಯಾರಿಸ್ಸಿಗೆ ಎಳೆದುಕೊಂಡವರು ಕ್ರಾಂತಿಕಾರರಲ್ಲ, ಅವರಿಗೂ ಮೊದಲಿನ ರಾಜರು. ಊರಿನ ಸಭೆಗಳು ಟೊಳ್ಳಾಗಿದ್ದರಿಂದ ಜನರ ಸಿಟ್ಟಿಗೆ ರಾಜಧಾನಿ ಒಂದೇ ಗುರಿಯಾಗಿ ಉಳಿಯಿತು. ಇನ್ನೊಂದು, ಹೊರೆ ತುಸು ಹಗುರಾಗತೊಡಗಿದಾಗಲೇ ಉಳಿದ ಹೊರೆ ಸಹಿಸಲಾಗದಂತಾಗುತ್ತದೆ.

1953ರಲ್ಲಿ ಅಮೆರಿಕದಲ್ಲಿ ಎರಡು ಪುಸ್ತಕಗಳು ಬಂದವು. ರಸೆಲ್ ಕರ್ಕ್ ಬರ್ಕ್‌ನಿಂದ ಹೊರಟ ಚಿಂತನೆಯ ವಂಶಾವಳಿ ಬರೆದರು. ರಾಬರ್ಟ್ ನಿಸ್ಬೆಟ್ ಟೋಕ್‌ವಿಲ್‌ನ ದಾರಿ ಹಿಡಿದು, ಮನೆತನ, ಊರು, ಕಸುಬಿನ ಸಂಘಗಳು ಕೆಲಸ ಕಳೆದುಕೊಂಡರೆ ಒಂಟಿ ಮನುಷ್ಯ ನೇರವಾಗಿ ಸರ್ಕಾರದ ಎದುರು ನಿಲ್ಲಬೇಕಾಗುತ್ತದೆ ಎಂದರು. ಇತ್ತೀಚಿನವರಲ್ಲಿ ಕ್ರಿಸ್ಟೊಫರ್ ಕಾಲ್ಡ್‌ವೆಲ್ 2017ರಲ್ಲಿ ಫ್ರೆಂಚ್ ಭೂಗೋಳಜ್ಞ ಕ್ರಿಸ್ತೋಫ್ ಗಿಲುಯಿ ಅವರ ವಿಚಾರವನ್ನು ಅಮೆರಿಕನ್ನರಿಗೆ ಪರಿಚಯಿಸಿದರು. ದೊಡ್ಡ ನಗರಗಳ ಸಿರಿಯಿಂದ ಹೊರಗುಳಿದ ಸಣ್ಣ ಊರುಗಳ ಇನ್ನೊಂದು ಫ್ರಾನ್ಸ್ ಇದೆ ಎಂಬುದು ಗಿಲುಯಿ ಕಂಡದ್ದು. ಮರುವರ್ಷವೇ ಹಳದಿ ಅಂಗಿಯವರು ರಸ್ತೆಗಿಳಿದರು. ಡಿಸೆಂಬರಿನಲ್ಲಿ ಸರ್ಕಾರ ತೆರಿಗೆ ಏರಿಕೆಯನ್ನು ಕೈಬಿಟ್ಟಿತು. 2023ರಲ್ಲಿ ನಿವೃತ್ತಿಯ ವಯಸ್ಸನ್ನು 62ರಿಂದ 64ಕ್ಕೆ ಏರಿಸುವ ಮಸೂದೆಯನ್ನು ಕೆಳಮನೆಯ ಮತಕ್ಕೆ ಹಾಕದೆ ಸಂವಿಧಾನದ 49.3ನೇ ವಿಧಿಯ ಬಲದಿಂದ ದಾಟಿಸಿದಾಗ ಬೀದಿ ಮತ್ತೆ ಹೊತ್ತಿಕೊಂಡಿತು.

ಇಲ್ಲಿ ಈ ಓದಿನೊಳಗೇ ಒಂದು ಬಿರುಕಿದೆ. ಸರ್ಕಾರ ಕೊಡುವ ಸವಲತ್ತಿಗೆ ಜನ ಒಗ್ಗಿಹೋಗಿದ್ದಾರೆ, ಅದನ್ನು ಬಿಡಲಾರರು ಎಂದು ಒಂದು ವರ್ಗ ಜನರನ್ನು ದೂರುತ್ತದೆ. ಆಳುವವರೇ ನಾಡಿನಿಂದ ದೂರ ಸರಿದಿದ್ದಾರೆ ಎಂದು ಇನ್ನೊಂದು ವರ್ಗ ಹೇಳುತ್ತದೆ. ಎರಡನೆಯದೇ ಬರ್ಕ್ ಮತ್ತು ಟೋಕ್‌ವಿಲ್‌ಗೆ ನಿಷ್ಠವಾದ ಓದು ಎಂದು ನನ್ನ ನಂಬಿಕೆ. ಹುಣಸೂರಿನ ಕಡೆಯಿಂದ ನೋಡಿದರೆ ಆ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ.

ಮೈಸೂರಿನ ಓದು

ಮೈಸೂರಿನಲ್ಲಿ ಅಶಾಂತಿಯ ಮೊದಲ ದೊಡ್ಡ ಅಧ್ಯಯನ ಸರ್ಕಾರಿ ವರದಿಯಾಗಿಯೇ ಹುಟ್ಟಿತು. 1830–31ರ ನಗರ ದಂಗೆಯ ನಂತರ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡು, ಕಾರಣ ಹುಡುಕಲು ಸಮಿತಿ ನೇಮಿಸಿ, 1833ರಲ್ಲಿ ವರದಿ ತರಿಸಿಕೊಂಡರು. ಅರಸೊತ್ತಿಗೆ ಮರಳಿದ ವರ್ಷವೇ, 1881ರಲ್ಲಿ, ದಿವಾನ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಆರಂಭಿಸಿದರು. ಅದಕ್ಕೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಆದರೆ ಅಹವಾಲು ಹೇಳಿಕೊಳ್ಳಲು ಒಂದು ಚಾವಡಿ ಸಿಕ್ಕಿತು.

ಸ್ವಾತಂತ್ರ್ಯದ ನಂತರ ವಿದ್ವಾಂಸರು ಹಳ್ಳಿಗೇ ಬಂದರು. ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಸಮೀಪದ ಕೊಡಗಹಳ್ಳಿಯಲ್ಲಿ ಇದ್ದು, ಅದನ್ನು ರಾಂಪುರ ಎಂದು ಕರೆದು, ಪ್ರಬಲ ಜಾತಿ ಎಂಬ ಪರಿಕಲ್ಪನೆಯನ್ನು ಬೆಳೆಸಿದರು. ಊರಿನ ನ್ಯಾಯ, ಜಗಳ, ರಾಜಿ ಎಲ್ಲವೂ ಯಾರ ಜಗಲಿಯ ಮೇಲೆ ನಡೆಯುತ್ತವೆ ಎಂಬುದನ್ನು ಅವರಷ್ಟು ಸೂಕ್ಷ್ಮವಾಗಿ ಬರೆದವರು ಕಡಿಮೆ. ಜೇಮ್ಸ್ ಮೇನರ್ 1977ರಲ್ಲಿ 1917ರಿಂದ 1955ರವರೆಗಿನ ಮೈಸೂರು ರಾಜಕೀಯದ ಚರಿತ್ರೆ ಬರೆದು, ಹಳ್ಳಿಯ ರಾಜಕೀಯವೂ ರಾಜಧಾನಿಯ ರಾಜಕೀಯವೂ ಬಹುಕಾಲ ಒಂದಕ್ಕೊಂದು ತಾಗದೆ ನಡೆದವು ಎಂದು ತೋರಿಸಿದರು. ಆ ಎರಡನ್ನೂ ಬೆಸೆದವರಲ್ಲಿ ಮುಖ್ಯರು ಹುಣಸೂರಿನವರೇ ಆದ ಡಿ. ದೇವರಾಜ ಅರಸು.

ಕಲ್ಲಹಳ್ಳಿಯ ಅರಸು

1915ರಲ್ಲಿ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ ಹುಟ್ಟಿದ ಅರಸು 1941ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ, 1952ರಲ್ಲಿ ಹುಣಸೂರಿನಿಂದ ವಿಧಾನಸಭೆಗೆ ಬಂದರು, 1972ರಲ್ಲಿ ಮುಖ್ಯಮಂತ್ರಿಯಾದರು. 1974ರ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನು ಕೊನೆಗಾಣಿಸಿತು; ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳು ಕೂತವು. 1972ರಲ್ಲಿ ನೇಮಕಗೊಂಡ ಹಾವನೂರು ಆಯೋಗ 1975ರಲ್ಲಿ ಕೊಟ್ಟ ವರದಿ ಹಿಂದುಳಿದ ವರ್ಗಗಳ ರಾಜಕೀಯದ ದಿಕ್ಕನ್ನೇ ಬದಲಿಸಿತು.

1789ರ ಬೇಸಿಗೆಯಲ್ಲಿ ಫ್ರಾನ್ಸಿನ ರೈತರು ಜಮೀನುದಾರರ ಕೋಟೆಮನೆಗಳಿಗೆ ನುಗ್ಗಿ ಕಂದಾಯದ ಕಾಗದಗಳನ್ನು ಸುಟ್ಟರು; ಆಗಸ್ಟ್ 4ರ ರಾತ್ರಿ ರಾಷ್ಟ್ರಸಭೆ ಊಳಿಗಮಾನ್ಯ ಹಕ್ಕುಗಳು ರದ್ದಾದವೆಂದು ಸಾರಿತು. ಕರ್ನಾಟಕದ ಗೇಣಿದಾರ ಕಾಗದ ಸುಡಲಿಲ್ಲ, ಫಾರಂ ನಂಬರ್ 7 ತುಂಬಿ ಕೊಟ್ಟ. ಸುಧಾರಣೆಯೇ ಶಾಂತಿಯ ಕಾವಲು ಎಂಬ ಬರ್ಕ್‌ನ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ವಿದ್ವಾಂಸರು ಇದನ್ನು ಒಂದೇ ಕಣ್ಣಿನಿಂದ ನೋಡಲಿಲ್ಲ. ಲಲಿತಾ ನಟರಾಜ್ ಮತ್ತು ವಿ.ಕೆ. ನಟರಾಜ್ 1982ರಲ್ಲಿ ಅರಸು ರಾಜಕೀಯದ ಜನಪ್ರಿಯತೆಗೆ ಇದ್ದ ಮಿತಿಗಳನ್ನು ಪಟ್ಟಿಮಾಡಿದರು. ನರೇಂದರ್ ಪಾಣಿ 1983ರಲ್ಲಿ, ಇದು ದೊಡ್ಡ ಬದಲಾವಣೆ ಬಾರದಂತೆ ಮೊದಲೇ ತಡೆದ ಸುಧಾರಣೆ ಎಂದು ಓದಿದರು. ಬರ್ಕ್ ಮೆಚ್ಚಿಕೊಳ್ಳುತ್ತಿದ್ದ ಗುಣವೇ ಪಾಣಿಯವರ ಓದಿನಲ್ಲಿ ಟೀಕೆಯಾಗಿದೆ! ವಾಸ್ತವದಲ್ಲಿ ಕಾಯ್ದೆಯ ಫಲ ಹೆಚ್ಚು ಕಂಡದ್ದು ಗೇಣಿ ದಟ್ಟವಾಗಿದ್ದ ಕರಾವಳಿಯಲ್ಲಿ. ಚಿಕ್ಕ ಹಿಡುವಳಿಗಳ ಮೈಸೂರು ಸೀಮೆಗೆ ಅರಸು ಕೊಟ್ಟದ್ದು ಭೂಮಿಗಿಂತ ಹೆಚ್ಚಾಗಿ ದನಿ. ಜಮೀನೇ ಇಲ್ಲದ ಕೂಲಿಯವರಿಗೆ ಮಾತ್ರ ಎರಡೂ ಕಡೆ ಸಿಕ್ಕಿದ್ದು ಕಡಿಮೆ.

ಹಸಿರು ಶಾಲು, ಹೊಗೆಸೊಪ್ಪು

ಭೂಮಿಯ ಪ್ರಶ್ನೆ ತಣ್ಣಗಾದಂತೆ ಬೆಲೆಯ ಪ್ರಶ್ನೆ ಕಾವೇರಿತು. 1980ರ ಜುಲೈ 21ರಂದು ನರಗುಂದ–ನವಲಗುಂದದಲ್ಲಿ ರೈತರ ಮೇಲೆ ನಡೆದ ಗೋಲಿಬಾರಿನ ನಂತರ ಹಸಿರು ಶಾಲಿನ ರಾಜ್ಯ ರೈತ ಸಂಘ ರೂಪುಗೊಂಡಿತು. ಮೈಸೂರು ವಿಶ್ವವಿದ್ಯಾನಿಲಯದ ಮುಜಾಫರ್ ಅಸ್ಸಾದಿ 1980ರಿಂದ 1994ರವರೆಗಿನ ಈ ಚಳವಳಿಯನ್ನು ಕುರಿತು 1997ರಲ್ಲಿ ಪುಸ್ತಕ ತಂದರು. ರಸ್ತೆಯಲ್ಲಿ ಕೂತ ರೈತ ಅಲ್ಲಿಂದ ವಿದ್ವತ್ತಿನ ಪುಟಕ್ಕೆ ಬಂದ.

ಇಲ್ಲಿಯೇ ಫ್ರಾನ್ಸ್ ಮತ್ತು ಮೈಸೂರು ನಿಜಕ್ಕೂ ಕೈ ಕುಲುಕಿದವು. ಎಂ.ಡಿ. ನಂಜುಂಡಸ್ವಾಮಿ ನೇತೃತ್ವದಲ್ಲಿ ರೈತ ಸಂಘದವರು 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ, 1996ರ ಜನವರಿಯಲ್ಲಿ ಕೆಎಫ್‌ಸಿ ಮಳಿಗೆಗೆ ನುಗ್ಗಿದರು. 1999ರಲ್ಲಿ ನೂರಾರು ಭಾರತೀಯ ರೈತರು ಯುರೋಪಿನುದ್ದಕ್ಕೂ ಜಾಥಾ ಹೋದರು. ಅದೇ ವರ್ಷದ ಆಗಸ್ಟಿನಲ್ಲಿ ಫ್ರೆಂಚ್ ರೈತ ನಾಯಕ ಜೋಸೆ ಬೋವೆ ತನ್ನವರೊಂದಿಗೆ ಮಿಯೊ ಪಟ್ಟಣದಲ್ಲಿ ಕಟ್ಟುತ್ತಿದ್ದ ಮೆಕ್‌ಡೊನಾಲ್ಡ್ಸ್ ಕಟ್ಟಡವನ್ನು ಬಿಚ್ಚಿಹಾಕಿದ. ಅವನ ಸೀಮೆಯ ರೋಕ್‌ಫೋರ್ ಗಿಣ್ಣಿನ ಮೇಲೆ ಅಮೆರಿಕ ಸುಂಕ ಹೇರಿತ್ತು. ಇಬ್ಬರ ಸಂಘಟನೆಗಳೂ ವಿಯಾ ಕಾಂಪೆಸಿನಾ ಎಂಬ ಒಂದೇ ಒಕ್ಕೂಟದಲ್ಲಿದ್ದವು. ಆಸ್ತಿ ಧ್ವಂಸವನ್ನು ಕನ್ಸರ್ವೇಟಿವ್ ಕಣ್ಣು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಆದರೆ ತನ್ನ ಬೀಜ, ತನ್ನ ಗಿಣ್ಣು, ತನ್ನ ಊರಿನ ಬಾಳು ಉಳಿಯಬೇಕೆಂಬ ಹಂಬಲ ಕಾಪಾಡಿಕೊಳ್ಳುವವರದೇ ಹಂಬಲ.

ಹೊಗೆಸೊಪ್ಪಿನ ಕತೆಗೆ ಟೋಕ್‌ವಿಲ್ ಹೆಚ್ಚು ಒದಗುತ್ತಾನೆ. 1976ರಲ್ಲಿ ಗುಂಟೂರಿನಲ್ಲಿ ತಂಬಾಕು ಮಂಡಳಿ ಆರಂಭವಾಯಿತು; 1980ರ ದಶಕದಲ್ಲಿ ಹರಾಜು ಪದ್ಧತಿ ಬಂತು. ವರ್ತಕನ ತೂಕ, ಸಾಲದ ಬಿಗಿತದಿಂದ ಬೆಳೆಗಾರನಿಗೆ ಬಿಡುಗಡೆ ಸಿಕ್ಕಿತು, ಇದನ್ನು ಮರೆಯಬಾರದು. ಆದರೆ ಸೊಪ್ಪು ಹದಮಾಡುವ ಬ್ಯಾರನ್ನಿಗೆ ಲೈಸೆನ್ಸ್ ಕೊಡುವುದು, ಹಂಗಾಮಿನ ಬೆಳೆ ಮಿತಿ ಗೊತ್ತುಮಾಡುವುದು, ಹೆಚ್ಚುವರಿ ಸೊಪ್ಪಿಗೆ ದಂಡ ಹಾಕುವುದು, ಮನ್ನಾ ಮಾಡುವುದು ಎಲ್ಲವೂ ಗುಂಟೂರು, ದೆಹಲಿಯ ಕೈಗೆ ಹೋದವು. 2004ರಲ್ಲಿ ಭಾರತ ಒಪ್ಪಿಕೊಂಡ ಜಾಗತಿಕ ತಂಬಾಕು ನಿಯಂತ್ರಣ ಒಡಂಬಡಿಕೆಯಿಂದ ಜಿನೀವಾ ಕೂಡ ಸೇರಿತು. ಆ ಒಡಂಬಡಿಕೆಯ ಉದ್ದೇಶ ಸರಿಯಾದದ್ದೇ. ಆದರೂ ತನ್ನ ಹೊಲದ ಬಗ್ಗೆ ನಾಲ್ಕು ಊರಾಚೆ ತೀರ್ಮಾನವಾಗುವಾಗ ಬೆಳೆಗಾರನ ಕೈಗೆಟಕುವುದು ಮನೆ ಮುಂದಿನ ಹೆದ್ದಾರಿ ಒಂದೇ. ಹಳದಿ ಅಂಗಿಯವರ ಕತೆಯೂ ಇದೇ.

ನಿಸ್ಬೆಟ್ ಹೇಳಿದ್ದು ಕೆ.ಆರ್. ನಗರದಲ್ಲಿ ಕಣ್ಣಿಗೆ ಕಾಣುತ್ತದೆ. ಚುಂಚನಕಟ್ಟೆಯ ಶ್ರೀರಾಮ ಸಹಕಾರ ಸಕ್ಕರೆ ಕಾರ್ಖಾನೆ ರೈತರೇ ಷೇರು ಹಾಕಿದ ಸಂಸ್ಥೆ, ಸರ್ಕಾರಕ್ಕೂ ಒಂಟಿ ಬೆಳೆಗಾರನಿಗೂ ನಡುವಿನ ಆಸರೆ. ಅದು ವರ್ಷಗಟ್ಟಲೆ ಕಬ್ಬು ಅರೆಯದೆ ನಿಂತಾಗ ಬೆಳೆಗಾರ ಬೆಲೆಗೆ, ಬಾಕಿಗೆ ನೇರ ಸರ್ಕಾರದ ಬಾಗಿಲಿಗೇ ಹೋಗಬೇಕಾಯಿತು.

ಹಾಡಿಯ ಪ್ರಶ್ನೆ

ಎಚ್.ಡಿ. ಕೋಟೆಯಲ್ಲಿ ಕನ್ಸರ್ವೇಟಿವ್ ಓದು ಕಠಿಣ ಪರೀಕ್ಷೆಗೆ ಒಳಗಾಗುತ್ತದೆ. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟು ಊರುಗಳನ್ನು ಮುಳುಗಿಸಿತು. 1972ರ ವನ್ಯಜೀವಿ ಕಾಯ್ದೆಯ ನಂತರ ನಾಗರಹೊಳೆಯ ಜೇನು ಕುರುಬ, ಬೆಟ್ಟ ಕುರುಬ, ಯರವರ ಹಾಡಿಗಳು ಕಾಡಿನಿಂದ ಹೊರಗೆ ಬಂದವು. ಹುಣಸೂರಿನ ನಾಗಾಪುರದಂಥ ಪುನರ್ವಸತಿ ಊರುಗಳು ಎದ್ದವು. ಅದೇ ಕಾಡಿನ ಮುರ್ಕಲ್‌ನಲ್ಲಿ ಐಷಾರಾಮಿ ಹೋಟೆಲಿಗೆ ಜಾಗ ಕೊಟ್ಟಾಗ ಆದಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1997ರಲ್ಲಿ ಹೈಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಹೈಕೋರ್ಟ್ ನೇಮಿಸಿದ ಅಸ್ಸಾದಿ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ ಸ್ಥಳಾಂತರಗೊಂಡ 3,418 ಕುಟುಂಬಗಳನ್ನು ಗುರುತಿಸಿತು.

ಇಲ್ಲಿ ಹಳೆಯದನ್ನು ಕೆಡವಿದವರು ಬೀದಿಯ ಜನವಲ್ಲ, ಸರ್ಕಾರವೇ. ಹಿರಿಯರನ್ನು ಹೂತ ನೆಲ, ದೇವರ ತಾಣ, ಜೇನಿನ ಮರ ಬೇಕೆಂದು ಕೇಳುವ ಜೇನು ಕುರುಬರ ಬೇಡಿಕೆಗಿಂತ ಹೆಚ್ಚು ಸಂರಕ್ಷಣೆಯ ಬೇಡಿಕೆ ಈ ನಾಲ್ಕು ತಾಲ್ಲೂಕಿನಲ್ಲಿ ಬೇರೆ ಇಲ್ಲ. ಪ್ಯಾರಿಸ್ಸಿನ ಹೊರವಲಯದ ಯುವಕರ ಸಿಟ್ಟನ್ನು ಓದುವಾಗಲೂ ಅಮೆರಿಕದ ಕನ್ಸರ್ವೇಟಿವರು ಸಂಸ್ಕೃತಿಯ ಕಡೆ ನೋಡಿದಷ್ಟು ಪೊಲೀಸರ ಕೈಯ ಕಡೆ ನೋಡುವುದಿಲ್ಲ. ಹೇಸ್ಟಿಂಗ್ಸನನ್ನು ಕಟಕಟೆಗೆ ತಂದ ಬರ್ಕ್‌ನನ್ನು ಅವರು ಮತ್ತೆ ಓದಬೇಕು.

ಮುಂದಿನ ಅಧ್ಯಯನ ರಸ್ತೆ ತಡೆಯ ದಿನದಿಂದ ಶುರುವಾಗಬಾರದು. ಬೆಳೆ ಮಿತಿ ಗೊತ್ತಾದ ಸಭೆಯಿಂದ, ಹಾಡಿಯ ಅರ್ಜಿ ಬಿದ್ದಿರುವ ಕಡತದಿಂದ ಶುರುವಾಗಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಹಕ್ಕಿನ ಅರ್ಜಿಯ ಮೊದಲ ತೀರ್ಮಾನವನ್ನು ಗ್ರಾಮಸಭೆಗೆ ಒಪ್ಪಿಸಿದೆ. ಟೋಕ್‌ವಿಲ್ ಅಮೆರಿಕದಲ್ಲಿ ಕಂಡು ಬೆರಗಾದ ಊರಸಭೆ ನಾಗರಹೊಳೆಯ ಅಂಚಿನಲ್ಲಿ, ಮರದ ನೆರಳಲ್ಲಿ, ಕಾಯ್ದೆಯ ಬಲದೊಂದಿಗೆ ಕೂರಬಹುದು. ಅಲ್ಲಿ ಆಡಿದ ಮಾತು ಮೇಲಿನ ಕಚೇರಿಗಳಲ್ಲಿ ನಿಂತರೆ ಹೆದ್ದಾರಿಯಲ್ಲಿ ಕೂರುವ ಅಗತ್ಯ ಯಾರಿಗೂ ಬರುವುದಿಲ್ಲ.