ಚೀಲವೋ, ಬಾಯಿಯೋ?

ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಪ್ರಕಟವಾಯಿತು. ಮೇಜಿನ ಸುತ್ತ ಕುಳಿತು, ದಾಳ ಉರುಳಿಸಿ, ಕಥೆ ಕಟ್ಟುತ್ತ ಆಡುವ ಆಟವಿದು. 1979ರಲ್ಲಿ ಗೈಗ್ಯಾಕ್ಸ್ ಬರೆದ ಮಾರ್ಗದರ್ಶಿ ಗ್ರಂಥದಲ್ಲಿ ವಿಚಿತ್ರ ಮಾಯಾವಸ್ತುಗಳ ದೊಡ್ಡ ಪಟ್ಟಿಯೇ ಇದೆ. ನೋಡಲು ಕಬ್ಬಿಣದ ಪೀಪಾಯಿ. ಒಳಹೊಕ್ಕು ಸನ್ನೆಗೋಲುಗಳನ್ನು ಎಳೆದರೆ ಕಾಲು ಮೂಡಿ ದೈತ್ಯ ಸಿಗಡಿಯಂತೆ ನಡೆಯುತ್ತದೆ! ಹೊರಗಾತ್ರಕ್ಕಿಂತ ಎಷ್ಟೋ ಹೆಚ್ಚು ಹಿಡಿಸುವ ಚೀಲವೂ ಉಂಟು. ಅದರಂತೆಯೇ ಕಾಣುವ ಮತ್ತೊಂದು ಮಾತ್ರ ಚೀಲವಲ್ಲ, ಯಾವುದೋ ಜೀವಿಯ ಬಾಯಿ, ಕೈಹಾಕಿದವನನ್ನೇ ಒಳಗೆಳೆದುಕೊಳ್ಳಬಹುದು.

ವಿದ್ಯಾರ್ಥಿಗಳೇ, ಇದನ್ನು ಬರಿಯ ತಮಾಷೆಯೆಂದು ನಾನು ಭಾವಿಸಲಾರೆ. ವರವೂ ಶಾಪವೂ ಒಂದೇ ರೂಪದಲ್ಲಿ ಎದುರಾದಾಗ, ಆಟಗಾರನನ್ನು ಕಾಯುವುದು ಖಡ್ಗವಲ್ಲ, ವಿವೇಕ. ನಗಿಸುತ್ತಲೇ ಪರೀಕ್ಷಿಸುವ ಗುರುವಿನ ಜಾಣ್ಮೆ ಆ ಪಟ್ಟಿಯಲ್ಲಿದೆ.