ವಿಂಡೋ ಇತಿಹಾಸದ ಮರುಸ್ಥಾಪನೆ (ಈಮ್ಯಾಕ್ಸ್)

ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕ ತಂತ್ರಾಂಶದಲ್ಲಿ ಒಂದು ಕಾರ್ಯಕ್ಷೇತ್ರ ಬಿಟ್ಟು ಇನ್ನೊಂದಕ್ಕೆ ಹೋಗಿ ಮರಳಿದಾಗ ಪರದೆಯ ಜೋಡಣೆಯನ್ನೂ, ಆ ಜೋಡಣೆ ಬದಲಾಗುತ್ತ ಬಂದ ಹಂತಗಳನ್ನೂ ಒಟ್ಟಿಗೆ ಹಿಂದಕ್ಕೆ ತಂದುಕೊಡುವ ವ್ಯವಸ್ಥೆ. ಜೋಡಣೆಯನ್ನು ಉಳಿಸುವುದು ಬೇಗ ಸಾಧ್ಯವಾಯಿತು. ಹಂತಗಳನ್ನು ಆಯಾ ಕೆಲಸಕ್ಕೇ ಸೇರಿಸಿ ಇಡಲು ದಶಕಗಳೇ ಬೇಕಾದವು.

ಬೇರೆ ಬೇರೆ ಕೆಲಸಗಳಿಗೆ ಬೇರೆ ಬೇರೆ ಪರದೆ ಎಂಬ ವಿಚಾರವನ್ನು ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದ ಆಸ್ಟಿನ್ ಹೆಂಡರ್ಸನ್ ಮತ್ತು ಸ್ಟುವರ್ಟ್ ಕಾರ್ಡ್ 1986ರಲ್ಲಿ 'ರೂಮ್ಸ್' ಎಂಬ ವ್ಯವಸ್ಥೆಯಲ್ಲಿ ವಿವರಿಸಿದ್ದರು. ರಿಚರ್ಡ್ ಸ್ಟಾಲ್ಮನ್ 1985ರಲ್ಲಿ ಹೊರತಂದ ಗ್ನೂ ಈಮ್ಯಾಕ್ಸ್ ಇದೇ ಪ್ರಶ್ನೆಯನ್ನು ತನ್ನದೇ ದಾರಿಯಲ್ಲಿ ಎದುರಿಸಿತು. ಅಲ್ಲಿ ಉಳಿದವರು ವಿಂಡೋ ಎನ್ನುವುದಕ್ಕೆ ಫ್ರೇಮ್ ಎಂದು ಹೆಸರು; ಫ್ರೇಮಿನೊಳಗಿನ ಒಂದೊಂದು ಭಾಗವೇ ವಿಂಡೋ. ಯಾವ ಭಾಗದಲ್ಲಿ ಯಾವ ಬಫರ್ (ಅಂದರೆ ಸಂಪಾದಕದೊಳಗಿನ ಪಠ್ಯ) ತೆರೆದಿದೆ, ಅದರ ಅಳತೆ ಎಷ್ಟು, ಪಠ್ಯ ಎಲ್ಲಿಂದ ಕಾಣುತ್ತಿದೆ ಎಂಬುದನ್ನೆಲ್ಲ ಈಮ್ಯಾಕ್ಸ್ ಒಂದೇ ಗಂಟಾಗಿ ಕಟ್ಟಿಡುತ್ತದೆ. ಕಂಟ್ರೋಲ್-ಎಕ್ಸ್, ಆರ್, ಡಬ್ಲ್ಯು ಒತ್ತಿ ಒಂದು ಅಕ್ಷರ ಕೊಟ್ಟರೆ ಆ ಗಂಟು ಆ ಅಕ್ಷರದ ಹೆಸರಿನ ರಿಜಿಸ್ಟರ್ ಎಂಬ ನೆನಪಿನ ಜಾಗಕ್ಕೆ ಸೇರುತ್ತದೆ. ಡಬ್ಲ್ಯು ಬದಲು ಜೆ ಒತ್ತಿ ಅದೇ ಅಕ್ಷರ ಕೊಟ್ಟರೆ ಪರದೆ ಮೊದಲಿನಂತಾಗುತ್ತದೆ. ಆದರೆ ಉಳಿಸಬೇಕೆಂದು ಮೊದಲೇ ಹೊಳೆದಿರಬೇಕು. ಪರದೆ ಕೆದರಿಹೋದ ಮೇಲಷ್ಟೇ ಅದು ಎಷ್ಟು ಚೆನ್ನಾಗಿತ್ತೆಂದು ತಿಳಿಯುವುದು.

ಈ ಕೊರತೆಯನ್ನು ನೀಗಿಸಿದ್ದು ಐವರ್ ರಮ್ಮೆಲ್‌ಹಾಫ್ 1997ರಲ್ಲಿ ಬರೆದ ವಿನ್ನರ್ ಮೋಡ್ ಎಂಬ ಸೌಲಭ್ಯ. ವಿಂಡೋಗಳ ಜೋಡಣೆ ಬದಲಾದಾಗಲೆಲ್ಲ ಅದು ತಾನಾಗಿ ದಾಖಲಿಸುತ್ತದೆ. ಕಂಟ್ರೋಲ್-ಸಿ ಜೊತೆ ಎಡಬಾಣ ಒತ್ತುತ್ತ ಹೋದರೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಬಹುದು. ಬಲಬಾಣ ಒತ್ತಿದರೆ ಹೊರಟಲ್ಲಿಗೇ ನೇರ ಮರಳಬಹುದು. ಪ್ರತಿ ಫ್ರೇಮಿಗೆ 200 ಜೋಡಣೆಗಳವರೆಗೆ ನೆನಪಿಡುವುದು ಅದರ ಮೂಲ ಮಿತಿ. ಸಹಾಯದ ಪುಟವೊಂದು ದಿಢೀರನೆ ತೆರೆದುಕೊಂಡು ಅರ್ಧ ಪರದೆ ನುಂಗಿದಾಗ ಒಂದೇ ಒತ್ತಿನಲ್ಲಿ ಅದನ್ನು ಸರಿಸಬಹುದಾದದ್ದು ಬಳಕೆದಾರರಿಗೆ ಬಹು ದೊಡ್ಡ ಅನುಕೂಲ.

ತೊಡಕು ಇದ್ದದ್ದು 'ಪ್ರತಿ ಫ್ರೇಮಿಗೆ' ಎಂಬಲ್ಲಿಯೇ. ಪರ್ಸ್ಪೆಕ್ಟಿವ್, ಪರ್ಸ್ಪ್ ಮೋಡ್, ಐಬ್ರೌಸ್‌ನಂಥ ಕಾರ್ಯಕ್ಷೇತ್ರದ ಪ್ಯಾಕೇಜುಗಳು ಒಂದೇ ಫ್ರೇಮಿನಲ್ಲಿ ಹಲವು ಕೆಲಸಗಳಿಗೆ ಸರದಿಯಲ್ಲಿ ಜಾಗ ಕೊಡುತ್ತವೆ. ಲೇಖನದ ಕ್ಷೇತ್ರದಲ್ಲಿ ಮೂರು ವಿಂಡೋ ತೆರೆದಿದ್ದವರು ಅಂಚೆಯ ಕ್ಷೇತ್ರಕ್ಕೆ ಹೋಗಿ ಎಡಬಾಣ ಒತ್ತಿದರೆ, ಅಂಚೆಯ ಜಾಗದಲ್ಲಿ ಲೇಖನದ ಮೂರು ವಿಂಡೋಗಳು ಬಂದು ಕೂರುತ್ತಿದ್ದವು. ಫ್ರೇಮ್ ಒಂದೇ ಆದ್ದರಿಂದ ವಿನ್ನರ್‌ಗೆ ಕ್ಷೇತ್ರ ಬದಲಾದದ್ದೂ ಮತ್ತೊಂದು ಸಾಮಾನ್ಯ ಬದಲಾವಣೆಯೇ. ಹೆನ್ರಿಕ್ ಲಿಸ್ನರ್ ಅವರ ಡೂಮ್ ಈಮ್ಯಾಕ್ಸ್ ಎಂಬ ಸಿದ್ಧ ಸಂರಚನೆ ಇದಕ್ಕೆ ಕಂಡುಕೊಂಡ ಪರಿಹಾರ ಚಿಕ್ಕದು, ಸಮರ್ಪಕವಾದದ್ದು: ಕ್ಷೇತ್ರ ಬಿಡುವ ಮೊದಲು ವಿನ್ನರ್‌ನ ಇಡೀ ದಾಖಲೆಯನ್ನು ಆ ಕ್ಷೇತ್ರದ ಹೆಸರಿನಲ್ಲಿ ಎತ್ತಿಡುವುದು, ಹೊಸದನ್ನು ಹೊಕ್ಕಾಗ ಅದರ ದಾಖಲೆಯನ್ನು ಇಳಿಸುವುದು.

2020ರ ಆಗಸ್ಟ್‌ನಲ್ಲಿ ಬಂದ 27.1 ಆವೃತ್ತಿಯ ಟ್ಯಾಬ್ ಬಾರ್, ಕಾರ್ಯಕ್ಷೇತ್ರವನ್ನು ಈಮ್ಯಾಕ್ಸಿನೊಳಕ್ಕೇ ತಂದಿತು. ಯೂರಿ ಲಿಂಕೋವ್ ರೂಪಿಸಿದ ಈ ಸೌಲಭ್ಯದಲ್ಲಿ ಒಂದೊಂದು ಟ್ಯಾಬೂ ಒಂದು ಜೋಡಣೆ. ಟ್ಯಾಬ್ ಬಾರ್‌ನ ಇತಿಹಾಸದ ಮೋಡ್ ಚಾಲೂ ಇದ್ದರೆ ಹಿಂದಿನ, ಮುಂದಿನ ಹೆಜ್ಜೆಗಳ ಪಟ್ಟಿಗಳೂ ಟ್ಯಾಬಿನ ಜೊತೆಗೇ ಹೋಗುತ್ತವೆ, ಬರುತ್ತವೆ. ಟ್ಯಾಬ್ ಬದಲಿಸಿದ್ದನ್ನು ಒಂದು ಹೆಜ್ಜೆಯೆಂದು ಎಣಿಸುವುದಿಲ್ಲ. ವಿನ್ನರ್‌ನಲ್ಲಿ ಕಾಣದಿದ್ದ ವಿವೇಕ ಇದೇ.

ಈಮ್ಯಾಕ್ಸ್ ಮುಚ್ಚಿದರೆ ಮಾತ್ರ ಬೇರೆ ಮಾತು. ಜೋಡಣೆಯ ಮೂಲ ಗಂಟನ್ನು ಕಡತಕ್ಕೆ ಬರೆಯಲು ಬರುವುದಿಲ್ಲ. 2012ರ 24.1 ಆವೃತ್ತಿ ಬರೆಯಬಲ್ಲ ಇನ್ನೊಂದು ರೂಪವನ್ನು ಕೊಟ್ಟಿತು; 2014ರ 24.4ರಿಂದ ಡೆಸ್ಕ್‌ಟಾಪ್ ಸೌಲಭ್ಯವು ಫ್ರೇಮುಗಳನ್ನೂ ವಿಂಡೋಗಳನ್ನೂ ಮರುದಿನಕ್ಕೆ ಉಳಿಸತೊಡಗಿತು. ಟ್ಯಾಬುಗಳೂ ಹೀಗೆ ಉಳಿಯುತ್ತವೆ, ಆದರೆ ಕಡತಕ್ಕೆ ಬರೆಯುವಾಗ ಅವುಗಳ ಇತಿಹಾಸದ ಪಟ್ಟಿಗಳನ್ನು ತೆಗೆದುಹಾಕಲಾಗುತ್ತದೆ.